ಪ್ರೋಗ್ ರಾಕ್ ವಿಮರ್ಶೆಯಲ್ಲಿ ಕೇಳುಗರ ಭಾವಕ್ಕಿರುವ ಸ್ಥಾನ

ಪ್ರೋಗ್ರೆಸಿವ್ ರಾಕ್, ಚಿಕ್ಕದಾಗಿ ಪ್ರೋಗ್, ಎಂದರೆ ರಾಕ್ ಸಂಗೀತದಲ್ಲಿ ದೀರ್ಘವೂ ಸಂಕೀರ್ಣವೂ ಆದ ರಚನೆಗಳನ್ನು ಕಟ್ಟುವ ಪ್ರಕಾರ. ಅದರ ಆಲ್ಬಂಗಳ ಬಗ್ಗೆ ಕೇಳುಗರು ಬರೆಯುವ ವಿಮರ್ಶೆಗಳ ಮೇಲೆ ಒಂದು ಹಳೆಯ ಆಕ್ಷೇಪವಿದೆ. ಅವುಗಳಲ್ಲಿ ಸಂಗೀತಕ್ಕಿಂತ ಬರೆದವರ ಬದುಕೇ ಹೆಚ್ಚು ಜಾಗ ಹಿಡಿಯುತ್ತದೆ; ಯಾವ ವಯಸ್ಸಿನಲ್ಲಿ ಕೇಳಿದೆ, ಆಗ ಯಾರನ್ನು ಕಳೆದುಕೊಂಡಿದ್ದೆ, ಯಾವ ಸಾಲಿಗೆ ಕಣ್ಣು ತುಂಬಿತು ಎಂಬುದರಲ್ಲೇ ಬರಹ ಮುಗಿದುಹೋಗುತ್ತದೆ; ಆಲ್ಬಂ ಹೇಗಿದೆ ಎಂದು ತಿಳಿಯಲು ಬಂದವರು ಬರಿಗೈಯಲ್ಲಿ ಮರಳುತ್ತಾರೆ ಎಂಬುದು ಆ ಆಕ್ಷೇಪ. ಇದರಲ್ಲಿ ನಿಜವಿಲ್ಲ ಎಂದು ನಾನು ಹೇಳಲಾರೆ. ಅಂಥ ಬರಹಗಳಲ್ಲಿ ಬಹಳಷ್ಟು ಸಡಿಲವಾಗಿರುತ್ತವೆ, ಕೆಲವು ಓದಲಾಗದಷ್ಟು ಸಡಿಲವಾಗಿರುತ್ತವೆ. ಆದರೂ ಈ ಬಗೆಯ ಸಂಗೀತದ ಮಟ್ಟಿಗಂತೂ ಕೇಳುಗರ ಭಾವುಕ ವಿಮರ್ಶೆಯನ್ನು ಎರಡನೆಯ ದರ್ಜೆಯ ಬರಹವೆಂದು ಪಕ್ಕಕ್ಕಿಡುವುದು ತಪ್ಪು. ಒಂದು ದೀರ್ಘ ಕೃತಿ ಕೇಳುವವರೊಳಗೆ ಕಾಲಾನುಕ್ರಮದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ನಮಗೆ ಸಿಗುವ ನೇರ ಸಾಕ್ಷ್ಯ ಅದೊಂದೇ, ಮತ್ತು ಆ ಪರಿಣಾಮವನ್ನು ಗುರಿಯಾಗಿಟ್ಟುಕೊಂಡೇ ಈ ಆಲ್ಬಂಗಳನ್ನು ಕಟ್ಟಲಾಗಿದೆ.

ಈ ಸಂಗೀತದ ಸ್ವಭಾವವನ್ನು ಮೊದಲು ನೋಡಬೇಕು. 1969ರ ಅಕ್ಟೋಬರಿನಲ್ಲಿ ಬಂದ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಮೊದಲ ಆಲ್ಬಂ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್'ನಲ್ಲಿದ್ದದ್ದು ಐದೇ ಹಾಡುಗಳು. 1972ರಲ್ಲಿ ಯೆಸ್ ಬ್ಯಾಂಡ್ 'ಕ್ಲೋಸ್ ಟು ದ ಎಡ್ಜ್' ಎಂಬ ಹದಿನೆಂಟು ನಿಮಿಷಕ್ಕೂ ಹೆಚ್ಚಿನ ಒಂದೇ ರಚನೆಗೆ ಎಲ್‌ಪಿಯ (ಎರಡು ಬದಿಯ ಗ್ರಾಮಫೋನ್ ತಟ್ಟೆಯ) ಒಂದು ಇಡೀ ಬದಿಯನ್ನು ಕೊಟ್ಟಿತು. ಅದೇ ವರ್ಷ ಜೆಥ್ರೋ ಟಲ್ ಬ್ಯಾಂಡ್ ಎರಡೂ ಬದಿಗಳಿಗೆ ಒಂದೇ ಕೃತಿಯನ್ನು ಹರಡಿತು. ಜೆನೆಸಿಸ್‌ನ 'ಸಪ್ಪರ್ಸ್ ರೆಡಿ' ಸುಮಾರು ಇಪ್ಪತ್ತಮೂರು ನಿಮಿಷ ನಡೆಯಿತು. ಹತ್ತನೆಯ ನಿಮಿಷದಲ್ಲಿ ಬರುವ ಒಂದು ಸ್ವರಗುಚ್ಛಕ್ಕೆ ಅರ್ಥ ಬರಬೇಕಾದರೆ ಎರಡನೆಯ ನಿಮಿಷದಲ್ಲಿ ಕೇಳಿದ್ದು ನೆನಪಿರಬೇಕು. ಮೊದಲ ಸಲ ಕೇಳಿದಾಗ ಹೊಳೆಯದ ನಂಟು ನಾಲ್ಕನೆಯ ಸಲ ಹೊಳೆಯುತ್ತದೆ, ವರ್ಷಗಳ ನಂತರ ಬೇರೊಂದು ಹೊಳೆಯುತ್ತದೆ. ಕೇಳುಗರ ನೆನಪೂ ತಾಳ್ಮೆಯೂ ಸೇರದೆ ರಚನೆ ಪೂರ್ತಿಯಾಗುವುದೇ ಇಲ್ಲ ಎಂಬ ಸ್ಥಿತಿಯಲ್ಲಿ, ಕೇಳುಗರನ್ನು ಹೊರಗಿಟ್ಟು ಬರೆದ ವಿಮರ್ಶೆ ಅರ್ಧ ಕೃತಿಯ ವಿಮರ್ಶೆಯಾಗುತ್ತದೆ.

ಎಪ್ಪತ್ತರ ದಶಕದ ಪತ್ರಿಕಾ ವಿಮರ್ಶೆ ಈ ಅರ್ಧವನ್ನು ಹೇಗೆ ನಡೆಸಿಕೊಂಡಿತು ಎಂಬುದು ಈಗಿನ ಚರ್ಚೆಗೆ ಹಿನ್ನೆಲೆ. ಕ್ರಿಮ್ಸನ್‌ನ ಆ ಮೊದಲ ಆಲ್ಬಂ ಬಂದಾಗ ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಅದನ್ನು ಅಸಾಧಾರಣ ಮೇರುಕೃತಿ ಎಂದು ಕೊಂಡಾಡಿದರು. ಅಮೆರಿಕದ ಪ್ರಭಾವಿ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಡಿ ಪ್ಲಸ್ ದರ್ಜೆ ಕೊಟ್ಟು ಅದು ಹುಸಿ ಸರಕು ಎಂದು ತಳ್ಳಿಹಾಕಿದರು. ಎಮರ್ಸನ್, ಲೇಕ್ ಅಂಡ್ ಪಾಮರ್ ಎಂಬ ಪ್ರೋಗ್ ಬ್ಯಾಂಡ್ ಬಗ್ಗೆ ಬಿಬಿಸಿಯ ರೇಡಿಯೋ ನಿರೂಪಕ ಜಾನ್ ಪೀಲ್, ಪ್ರತಿಭೆಯೂ ವಿದ್ಯುತ್ತೂ ವ್ಯರ್ಥ ಎಂದದ್ದು ಇಂದಿಗೂ ಉಲ್ಲೇಖಗೊಳ್ಳುತ್ತದೆ. 1976-77ರಲ್ಲಿ ಚಿಕ್ಕ, ಒರಟು ಹಾಡುಗಳ ಪಂಕ್ ರಾಕ್ ಬಂದ ಮೇಲಂತೂ ಈ ಸಂಗೀತವನ್ನು ಮೆಚ್ಚುವುದೇ ಬ್ರಿಟನ್ನಿನ ಸಂಗೀತ ಪತ್ರಿಕೆಗಳಲ್ಲಿ ಮುಜುಗರದ ವಿಷಯವಾಯಿತು. ಗಮನಿಸಬೇಕಾದದ್ದು ಈ ತೀರ್ಪುಗಳ ಕಾಠಿಣ್ಯವನ್ನಲ್ಲ, ಇವೆಲ್ಲವೂ ಅಪ್ಪಟ ವೈಯಕ್ತಿಕ ತೀರ್ಪುಗಳು ಎಂಬುದನ್ನು. ಟೌನ್‌ಶೆಂಡ್ ಅವರ ಉತ್ಸಾಹ ಎಷ್ಟು ವೈಯಕ್ತಿಕವೋ ಕ್ರಿಸ್ಟ್‌ಗೌ ಅವರ ಅಸಹನೆಯೂ ಅಷ್ಟೇ ವೈಯಕ್ತಿಕ. ಎರಡರಲ್ಲೂ ಕೃತಿಯ ಯಾವ ಜಾಗ ಏನು ಮಾಡಿತು ಎಂಬ ವಿವರಕ್ಕೆ ಎಡೆಯಿರಲಿಲ್ಲ. ಪತ್ರಿಕೆಯ ಅಂಕಣದಲ್ಲಿ ಅಷ್ಟು ಸ್ಥಳವೂ ಇರಲಿಲ್ಲ.

ರಾಕ್ ವಿಮರ್ಶೆ ಭಾವುಕತೆಯನ್ನು ಎಂದೂ ಒಪ್ಪಲಿಲ್ಲ ಎಂದುಕೊಂಡರೆ ಅದೂ ಸರಿಯಲ್ಲ. ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡನ್ನು 'ಕ್ರೀಮ್' ಪತ್ರಿಕೆಯಲ್ಲಿ ಝಾಡಿಸಿದ್ದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಅವರೇ 1979ರಲ್ಲಿ ಗಾಯಕ ವ್ಯಾನ್ ಮಾರಿಸನ್‌ನ 'ಆಸ್ಟ್ರಲ್ ವೀಕ್ಸ್' ಆಲ್ಬಂ ಬಗ್ಗೆ ಬರೆದ ಪ್ರಬಂಧ, ತಾವು ಮಾನಸಿಕವಾಗಿ ಕುಸಿದಿದ್ದ ದಿನಗಳಲ್ಲಿ ಆ ಆಲ್ಬಂ ತಮ್ಮನ್ನು ಹೇಗೆ ಹಿಡಿದು ನಿಲ್ಲಿಸಿತು ಎಂಬ ನಿವೇದನೆಯಿಂದ ಆರಂಭವಾಗುತ್ತದೆ, ಮತ್ತು ರಾಕ್ ವಿಮರ್ಶೆಯ ಅತ್ಯುತ್ತಮ ಬರಹಗಳಲ್ಲಿ ಒಂದೆಂದು ಅದಕ್ಕೆ ಮನ್ನಣೆಯಿದೆ. ಅಂದರೆ ಸ್ವಂತ ನೋವನ್ನು ಮುಂದಿಟ್ಟುಕೊಂಡು ಆಲ್ಬಂ ವಿಮರ್ಶಿಸುವ ಹಕ್ಕು ಇತ್ತು; ಬ್ಲೂಸ್, ಫೋಕ್, ಸೋಲ್ ಸಂಗೀತಕ್ಕೆ ಅದು ಸಹಜವೆನಿಸಿತ್ತು. ಪ್ರೋಗ್ ಮಾತ್ರ ತಲೆಯ ಸಂಗೀತ, ಅದರ ಮುಂದೆ ಎದೆ ತೆರೆಯುವುದು ಅಸಂಬದ್ಧ ಎಂಬ ಪೂರ್ವಗ್ರಹವಿತ್ತು. ವಿಚಿತ್ರವೆಂದರೆ ಪ್ರೋಗ್ ಪ್ರೇಮಿಗಳಲ್ಲೇ ಅನೇಕರು ಈ ಆರೋಪವನ್ನು ಒಪ್ಪಿಕೊಂಡು, ತಮ್ಮ ಮೆಚ್ಚಿನ ಆಲ್ಬಂಗಳನ್ನು ತಾಳಗಳ ಲೆಕ್ಕ, ವಾದ್ಯಗಳ ಪಟ್ಟಿ, ಬೆರಳುಗಳ ವೇಗ ಇವುಗಳ ಮೂಲಕವೇ ಸಮರ್ಥಿಸಲು ಹೊರಟರು. ವಿರೋಧಿಗಳು ಹೀಯಾಳಿಸಿದ್ದನ್ನೇ ಅಭಿಮಾನಿಗಳು ಹೊಗಳಿದರು, ಕೃತಿಯ ಒಳಗಿದ್ದ ದುಃಖ, ಭಯ, ಬೆರಗು ಎರಡೂ ಕಡೆಯವರ ಬರಹದಿಂದ ಜಾರಿಹೋಯಿತು.

ಒಂದು ರಚನೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಿಂಗ್ ಕ್ರಿಮ್ಸನ್ 1974ರಲ್ಲಿ ಹೊರತಂದ 'ರೆಡ್' ಆಲ್ಬಂನ ಕೊನೆಯ ರಚನೆ 'ಸ್ಟಾರ್‌ಲೆಸ್', ಹನ್ನೆರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉದ್ದದ್ದು. ಮೆಲೊಟ್ರಾನ್‌ನ (ಮುದ್ರಿತ ವಾದ್ಯಧ್ವನಿಗಳನ್ನು ಹೊರಡಿಸುವ ಕೀಬೋರ್ಡಿನ) ತಂತಿವಾದ್ಯದಂಥ ದನಿಯ ಮೇಲೆ ರಾಬರ್ಟ್ ಫ್ರಿಪ್ ಗಿಟಾರಿನಲ್ಲಿ ಒಂದು ನಿಧಾನವಾದ, ತುಂಬ ಸುಂದರವಾದ ಶೋಕಗೀತೆಯನ್ನು ನುಡಿಸುವುದರೊಂದಿಗೆ ಅದು ತೆರೆದುಕೊಳ್ಳುತ್ತದೆ. ಜಾನ್ ವೆಟನ್ ಹಾಡುತ್ತಾರೆ. ನಾಲ್ಕು ನಿಮಿಷ ದಾಟಿದ ಮೇಲೆ ಹಾಡುಗಾರಿಕೆ ನಿಂತು ಎಲ್ಲವೂ ತೆಳುವಾಗುತ್ತದೆ. ಅಲ್ಲಿಂದ ಮುಂದೆ ಬೇಸ್ ಗಿಟಾರ್ ಹದಿಮೂರು ಎಣಿಕೆಯ ಒಂದು ಆವರ್ತವನ್ನು ಹಿಡಿದು ಕೂರುತ್ತದೆ, ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಎರಡು ತಂತಿಗಳ ಮೇಲೆ ಮತ್ತೆ ಮತ್ತೆ ಮೀಟುತ್ತಾ, ಬಹಳ ತಡವಾಗಿ ಒಂದೊಂದೇ ಮೆಟ್ಟಿಲು ಮೇಲೇರುತ್ತಾರೆ. ಬಿಲ್ ಬ್ರೂಫರ್ಡ್‌ರ ತಾಳವಾದ್ಯ ಮೊದಲು ಅಲ್ಲೊಂದು ಇಲ್ಲೊಂದು ಪೆಟ್ಟು, ಆಮೇಲೆ ಪೂರ್ತಿ ಅಬ್ಬರ. ನಿಮಿಷಗಟ್ಟಲೆ ಇದೇ ನಡೆದು, ಕೊನೆಗೆ ಲಯ ದ್ವಿಗುಣಗೊಂಡು ಸ್ಯಾಕ್ಸೊಫೋನ್ ಚೀರಿ, ಮುಕ್ತಾಯದ ಹೊತ್ತಿಗೆ ಆರಂಭದ ಆ ಶೋಕಗೀತೆ ಹಿಂದಿರುಗುತ್ತದೆ.

ತಾಂತ್ರಿಕ ವಿಮರ್ಶೆ ಈ ರಚನೆಯ ಬಗ್ಗೆ ಹದಿಮೂರರ ಲೆಕ್ಕವನ್ನು ಹೇಳುತ್ತದೆ, ಅದನ್ನು ಹೇಳಲೇಬೇಕು. ಹನ್ನೆರಡಕ್ಕೆ ಮುಗಿಯುತ್ತದೆ ಎಂದು ಮೈ ಎಣಿಸಿದ್ದಾಗ ಇನ್ನೊಂದು ಎಣಿಕೆ ಉಳಿದುಬಿಡುವುದರಿಂದಲೇ ಅಲ್ಲಿ ಕೇಳುಗರು ಎಂದೂ ನೆಲೆಯೂರಿ ಕೂರಲಾಗುವುದಿಲ್ಲ. ಆದರೆ ಆ ನೆಲೆಯೂರಲಾಗದ ಸ್ಥಿತಿ ಏತಕ್ಕಾಗಿ? ಕೊನೆಯಲ್ಲಿ ಹಳೆಯ ರಾಗ ಮರಳಿದಾಗ ಉಂಟಾಗುವುದು ಬಿಡುಗಡೆಯೋ, ಸೋಲೋ? ಇದನ್ನು ಸ್ವರಲಿಪಿ ಹೇಳಲಾರದು. ತಂದೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತಿದ್ದ ಒಬ್ಬರು ಈ ಮಧ್ಯಭಾಗವನ್ನು ಕೇಳಿ, ಏನೂ ಆಗದೆ ಇರುವುದು ನಿಮಿಷನಿಮಿಷಕ್ಕೂ ಭಾರವಾಗುತ್ತಾ ಹೋಗುವ ಬಗೆಯನ್ನು ಇದರಲ್ಲಿ ಕಂಡೆ, ಕೊನೆಯಲ್ಲಿ ಮರಳುವ ರಾಗ ಮೊದಲಿನ ರಾಗವೇ ಆದರೂ ಅದನ್ನು ಕೇಳುವ ನಾನು ಮೊದಲಿನವನಲ್ಲ ಎಂದು ಬರೆದರೆ, ಅದು ಆತ್ಮಕಥೆಯಷ್ಟೇ ಅಲ್ಲ. ಪುನರಾವರ್ತನೆ ಎಂಬ ತಂತ್ರ ಈ ಕೃತಿಯಲ್ಲಿ ಏನು ಸಾಧಿಸುತ್ತದೆ ಎಂಬುದರ ಖಚಿತವಾದ ವಿವರಣೆ. ನನ್ನ ಮಟ್ಟಿಗೆ ಹೇಳುವುದಾದರೆ ಆ ಮರಳುವಿಕೆಯಲ್ಲಿ ಸಮಾಧಾನ ಸಿಕ್ಕಿದ್ದಿಲ್ಲ. ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಸೋಲು ಕೇಳಿಸುವುದು ಕೃತಿಯ ದೋಷವೂ ಅಲ್ಲ, ವಿಮರ್ಶಕರ ಅಶಿಸ್ತೂ ಅಲ್ಲ. ಆ ಇಬ್ಬಗೆ ರಚನೆಯಲ್ಲೇ ಇದೆ ಎಂಬುದು ಇಬ್ಬರ ಬರಹವನ್ನೂ ಜೊತೆಯಾಗಿ ಓದಿದಾಗ ಮಾತ್ರ ತಿಳಿಯುತ್ತದೆ.

ಹಾಗಾದರೆ ತಾಂತ್ರಿಕ ವಿವರಣೆಯಾದರೂ ಕೇಳುಗರ ಹಿನ್ನೆಲೆಯಿಂದ ಪೂರ್ತಿ ಮುಕ್ತವೇ ಎಂದರೆ, ಇಲ್ಲ. ಪಿಂಕ್ ಫ್ಲಾಯ್ಡ್‌ನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನಲ್ಲಿರುವ 'ಮನಿ' ಏಳರ ಎಣಿಕೆಯಲ್ಲಿ ನಡೆಯುವ ಹಾಡು. ಪಾಶ್ಚಾತ್ಯ ವಿಮರ್ಶೆಗಳಲ್ಲಿ ಅದರ ಉಲ್ಲೇಖ ಬಂದಲ್ಲೆಲ್ಲ ಅಸಾಮಾನ್ಯ ತಾಳ ಎಂಬ ವಿಶೇಷಣ ಬಂದೇ ಬರುತ್ತದೆ. ನಾಲ್ಕರ ನಡೆಯಲ್ಲೇ ಬೆಳೆದ ಕಿವಿಗೆ ಅದು ನಿಜ. ಆದರೆ ಮಿಶ್ರ ಛಾಪುವಿನಲ್ಲಿ ದೇವರನಾಮ ಕೇಳಿಕೊಂಡು ಬೆಳೆದವರಿಗೆ, ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ, ಮೂರು ಮತ್ತು ನಾಲ್ಕು ಮಾತ್ರೆಗಳು ಕೈಹಿಡಿದು ಸಾಗುವ ಆ ಏಳರ ನಡೆ ಮನೆಯಂಗಳದಷ್ಟೇ ಪರಿಚಿತ. ಅದೇ ಹಾಡಿನಲ್ಲಿ ಸ್ಯಾಕ್ಸೊಫೋನ್ ಭಾಗದ ನಂತರ ಗಿಟಾರ್ ಸರದಿ ಬಂದಾಗ ಲಯ ನಾಲ್ಕಕ್ಕೆ ತಿರುಗುತ್ತದೆ. ಲಂಡನ್ನಿನ ಕೇಳುಗರಿಗೆ ಅದು ಗಟ್ಟಿ ನೆಲಕ್ಕೆ ಕಾಲಿಟ್ಟ ನಿರಾಳ, ಗದಗಿನ ಕೇಳುಗರಿಗೆ ಅಲ್ಲಿಂದಲೇ ಹಾಡು ಸ್ವಲ್ಪ ಒರಟಾಗಿ ಓಡತೊಡಗಿದಂತೆ ಅನ್ನಿಸಬಹುದು. ಅಸಾಮಾನ್ಯ ಎಂಬ ಮಾತು ವಸ್ತುನಿಷ್ಠವೆಂಬಂತೆ ಕಂಡರೂ ಅದರೊಳಗೆ ಒಂದು ನಿರ್ದಿಷ್ಟ ಊರಿನ, ನಿರ್ದಿಷ್ಟ ಬಾಲ್ಯದ ಕಿವಿ ಅಡಗಿ ಕೂತಿದೆ. ತನ್ನ ಕಿವಿ ಎಲ್ಲಿಯದೆಂದು ಹೇಳಿಕೊಳ್ಳುವ ವಿಮರ್ಶೆ ಓದುಗರಿಗೆ ಹೆಚ್ಚು ಪ್ರಾಮಾಣಿಕವಾದ ಮಾಹಿತಿ ಕೊಡುತ್ತದೆ. ಹೇಳಿಕೊಳ್ಳದ ವಿಮರ್ಶೆ ತನ್ನ ಬಾಲ್ಯವನ್ನೇ ಎಲ್ಲರ ಬಾಲ್ಯವೆಂದು ನಂಬಿಸುತ್ತದೆ.

ಈ ಮರೆಮಾಚುವಿಕೆಯ ಇನ್ನೊಂದು ಉದಾಹರಣೆ ಪಿಂಕ್ ಫ್ಲಾಯ್ಡ್‌ನ 1975ರ 'ವಿಶ್ ಯು ವರ್ ಹಿಯರ್'. ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ಬ್ಯಾಂಡಿನಿಂದ ದೂರವಾದ ತಮ್ಮ ಮೊದಲ ನಾಯಕ ಸಿಡ್ ಬ್ಯಾರೆಟ್‌ನನ್ನು ನೆನೆದು ಕಟ್ಟಿದ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಅದರ ಎರಡು ತುದಿಗಳಲ್ಲಿ ಹರಡಿಕೊಂಡಿದೆ. 1975ರ ಜೂನ್ 5ರಂದು ಆಲ್ಬಂನ ಕೆಲಸ ನಡೆಯುತ್ತಿದ್ದ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡು ದಪ್ಪಗಾಗಿದ್ದ ಒಬ್ಬ ವ್ಯಕ್ತಿ ಬಂದರು. ಅವರೇ ಬ್ಯಾರೆಟ್ ಎಂದು ಹಳೆಯ ಗೆಳೆಯರಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು. ಆಲ್ಬಂ ಬಂದಾಗ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶೆ, ಬ್ಯಾರೆಟ್ ಕುರಿತ ಈ ರಚನೆಯಲ್ಲಿ ಆರ್ದ್ರತೆಯೇ ಇಲ್ಲ, ಯಾವುದೋ ಸಣ್ಣಪುಟ್ಟ ಸಂಗತಿಯನ್ನು ಹೇಳುವಂತೆ ಹೇಳಿದ್ದಾರೆ ಎಂದು ದೂರಿತು. ಮುಂದೆ 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಪತ್ರಿಕೆ ತಪ್ಪಿತು ಎಂದು ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. 1975ರ ವಿಮರ್ಶಕರಿಗೆ ನಿಜಕ್ಕೂ ಆರ್ದ್ರತೆ ತಟ್ಟದೆ ಇದ್ದಿರಬಹುದು, ಅದು ಗೌರವಿಸಬೇಕಾದ ಅನುಭವವೇ. ತೊಡಕು ಇರುವುದು 'ನನಗೆ ತಟ್ಟಲಿಲ್ಲ' ಎಂಬುದು 'ಇದರಲ್ಲಿಲ್ಲ' ಎಂದು ಅಚ್ಚಾದದ್ದರಲ್ಲಿ.

ಆ ರಚನೆಯ ಆರಂಭದಲ್ಲಿ ಸುಮಾರು ನಾಲ್ಕು ನಿಮಿಷ ಸಿಂಥಸೈಜರ್‌ನ ಮಂಜಿನಂಥ ಹಾಸು, ಅದರ ಮೇಲೆ ಡೇವಿಡ್ ಗಿಲ್ಮರ್‌ರ ಬಿಡಿಬಿಡಿ ಗಿಟಾರ್ ಮಾತುಗಳು. ಆಮೇಲೆ ಮೌನದ ನಡುವೆ ನಾಲ್ಕೇ ಸ್ವರಗಳ ಒಂದು ತುಣುಕು. ಕೊನೆಯ ಸ್ವರ ಕೇಳುಗರು ನಿರೀಕ್ಷಿಸಿದ ಜಾಗದಲ್ಲಿ ಇಳಿಯುವುದಿಲ್ಲ, ಒಂದು ಪ್ರಶ್ನೆಯನ್ನು ತೂಗಬಿಟ್ಟು ನಿಲ್ಲುತ್ತದೆ, ಮತ್ತೆ ಅದೇ ಬರುತ್ತದೆ, ಮತ್ತೆ ನಿಲ್ಲುತ್ತದೆ. ಸಾವಿನಿಂದಲ್ಲದೆ ಬುದ್ಧಿಭ್ರಮಣೆಯಿಂದಲೋ ಮರೆವಿನ ರೋಗದಿಂದಲೋ ಒಬ್ಬರನ್ನು ಕಳೆದುಕೊಂಡವರು, ಮನುಷ್ಯ ಎದುರಿಗಿದ್ದೂ ಇಲ್ಲದಿರುವುದನ್ನು ಕಂಡವರು, ಆ ನಾಲ್ಕು ಸ್ವರಗಳ ಬಗ್ಗೆ ಬರೆದದ್ದನ್ನು ಓದಿದಾಗ, ಅದರಲ್ಲಿ ತಂಪು ಎಂದು ಕಂಡದ್ದು ದುಃಖದ ಒಂದು ವಿಶಿಷ್ಟ ಬಗೆ ಎಂದು ತಿಳಿಯುತ್ತದೆ. ಅಳಲೂ ಆಗದ, ಶ್ರಾದ್ಧ ಮಾಡಲೂ ಆಗದ ದುಃಖ ಅದು. ಅಂಥ ದುಃಖವನ್ನು ಕಂಡಿಲ್ಲದ ಕೇಳುಗರಿಗೆ ಅದನ್ನು ತೋರಿಸಿಕೊಡುವ ಶಕ್ತಿ ತಾಂತ್ರಿಕ ವಿಮರ್ಶೆಗಿಲ್ಲ, ಅನುಭವಿಸಿದವರ ಬರಹಕ್ಕಿದೆ.

ಭಾವಕ್ಕೆ ವಿಮರ್ಶೆಯಲ್ಲಿ ಸ್ಥಾನವಿಲ್ಲ ಎಂಬ ವಾದಕ್ಕೆ ಗಟ್ಟಿಯಾದ ತಾತ್ವಿಕ ಪರಂಪರೆಯೇ ಇದೆ. 1854ರಲ್ಲಿ ವಿಯೆನ್ನಾದ ಸಂಗೀತ ವಿಮರ್ಶಕ ಎಡುವರ್ಡ್ ಹಾನ್‌ಸ್ಲಿಕ್, ಸಂಗೀತದ ಸೌಂದರ್ಯ ಇರುವುದು ನಾದದ ರೂಪಗಳಲ್ಲೇ ಹೊರತು ಅವು ಎಬ್ಬಿಸುವ ಭಾವಗಳಲ್ಲಲ್ಲ ಎಂದು ವಾದಿಸಿದರು. ಸಾಹಿತ್ಯದಲ್ಲಿ 1949ರ ಸುಮಾರಿಗೆ ಅಮೆರಿಕದ ಚಿಂತಕರಾದ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ, ಕೃತಿಯನ್ನು ಅದರ ಪರಿಣಾಮದೊಂದಿಗೆ ಗೊಂದಲ ಮಾಡಿಕೊಳ್ಳುವುದೇ ಒಂದು ಹೇತ್ವಾಭಾಸ ಎಂದರು. ಇವಕ್ಕೆ ಉತ್ತರವೂ ಸಂಗೀತಶಾಸ್ತ್ರದ ಒಳಗಿನಿಂದಲೇ ಬಂದಿದೆ. 1956ರಲ್ಲಿ ಲೆನರ್ಡ್ ಮೇಯರ್, ನಿರೀಕ್ಷೆ ಹುಟ್ಟಿ, ತಡೆಗೊಂಡು, ಕೊನೆಗೆ ಈಡೇರುವ ಅಥವಾ ಈಡೇರದೆ ಹೋಗುವ ಕ್ರಮದಲ್ಲೇ ಸಂಗೀತದ ಭಾವ ಹುಟ್ಟುತ್ತದೆ ಎಂದು ತೋರಿಸಿದರು. ಹಾಗಿದ್ದರೆ ರೂಪ ಮತ್ತು ಭಾವ ಎರಡು ಬೇರೆ ವಸ್ತುಗಳಲ್ಲ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಶಾರೀರಿಕ ಆಧಾರವನ್ನೂ ಕೊಟ್ಟಿತು. ಸಂಗೀತ ಕೇಳಿ ಮೈ ಜುಮ್ಮೆನ್ನುವ ಹೊತ್ತಿನಲ್ಲಿ ಮಿದುಳಿನಲ್ಲಿ ಡೋಪಮೈನ್ ಎಂಬ, ಸುಖಾನುಭವಕ್ಕೆ ನಂಟಿರುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದಕ್ಕೂ ಮುಂಚಿನ ಕಾಯುವಿಕೆಯ ಕ್ಷಣಗಳಲ್ಲೂ ಮಿದುಳಿನ ಬೇರೊಂದು ಭಾಗದಲ್ಲಿ ಆಗುತ್ತದೆ ಎಂದು ಅವರು ಕಂಡರು. ಆ ಅಧ್ಯಯನದ ಒಂದು ವಿವರ ನಮ್ಮ ಚರ್ಚೆಗೆ ಮುಖ್ಯ: ಯಾವ ಸಂಗೀತ ಯಾರ ಮೈ ನವಿರೇಳಿಸುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ, ಭಾಗವಹಿಸಿದವರು ತಮಗೆ ಹಾಗಾಗುವ ಸಂಗೀತವನ್ನು ತಾವೇ ಆರಿಸಿ ತರಬೇಕಾಯಿತು. ಪ್ರಯೋಗಾಲಯದಲ್ಲಿ ಕೂಡ ವ್ಯಕ್ತಿಯ ಇತಿಹಾಸವನ್ನು ಹೊರಗಿಟ್ಟರೆ ಅಳೆಯಬೇಕಾದದ್ದೇ ಸಿಗುವುದಿಲ್ಲ.

ಆದರೂ ಎಲ್ಲ ಭಾವುಕ ಬರಹವೂ ವಿಮರ್ಶೆಯಲ್ಲ, ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೆ ನಮ್ಮ ಕಾವ್ಯಮೀಮಾಂಸೆಯಷ್ಟು ನಿಖರವಾಗಿ ಯಾರೂ ಹೇಳಿಲ್ಲವೆಂದು ನನಗೆ ತೋರುತ್ತದೆ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುವಾಗ, ತನ್ನದೇ ಸುಖದುಃಖಗಳಿಗೆ ವಶವಾಗಿಬಿಡುವುದನ್ನೂ ಒಂದು ವಿಘ್ನವೆಂದು ಸೇರಿಸಿದ. ಸಹೃದಯನಿಗೆ ಅನುಭವದ ಸಂಸ್ಕಾರ ಇರಲೇಬೇಕು, ಅದಿಲ್ಲದವನಿಗೆ ಕೃತಿ ತಟ್ಟುವುದೇ ಇಲ್ಲ. ಆದರೆ ಆ ಅನುಭವ ಅವನೊಬ್ಬನದೇ ಆಗಿ ಉಳಿದುಬಿಟ್ಟರೆ ಕೃತಿ ಮರೆಯಾಗುತ್ತದೆ. ಭಾವುಕ ಆಲ್ಬಂ ವಿಮರ್ಶೆಗಳಲ್ಲಿ ಸೋಲುವಂಥವು ಸೋಲುವುದು ಈ ಜಾಗದಲ್ಲೇ. 'ಕಾಲೇಜು ದಿನಗಳಲ್ಲಿ ಈ ಆಲ್ಬಂ ನನ್ನ ಜೊತೆಗಿತ್ತು, ಕೇಳಿದರೆ ಈಗಲೂ ಕಣ್ಣೀರು' ಎಂಬ ಮಾತನ್ನು ಯಾವ ಆಲ್ಬಂಗೆ ಅಂಟಿಸಿದರೂ ನಡೆಯುತ್ತದೆ. ಆಲ್ಬಂನ ಹೆಸರು ತೆಗೆದು ಇನ್ನೊಂದನ್ನು ಹಾಕಿದರೆ ಬರಹ ಕುಸಿದುಬೀಳಬೇಕು. ಹಾಗೆ ಬಿದ್ದರೆ ಅದು ವಿಮರ್ಶೆ. ಎಷ್ಟನೆಯ ನಿಮಿಷ, ಯಾವ ವಾದ್ಯ, ಯಾವ ತಿರುವು, ಅಲ್ಲಿ ಏಕೆ ಉಸಿರು ಕಟ್ಟಿತು ಎಂದು ಹೇಳುವ ಬರಹದಲ್ಲಿ ಬರೆದವರ ದುಃಖ ಎಷ್ಟು ದೊಡ್ಡದಿದ್ದರೂ ಸಂಗೀತ ಮುಚ್ಚಿಹೋಗುವುದಿಲ್ಲ, ಏಕೆಂದರೆ ಓದುಗರು ಹೋಗಿ ಆ ನಿಮಿಷವನ್ನು ತಾವೇ ಕೇಳಿ ನೋಡಬಹುದು.

ಕಥೆಯನ್ನು ಹೇಳುವ ಆಲ್ಬಂಗಳಲ್ಲಿ ಇಂಥ ಸಾಕ್ಷ್ಯದ ಬೆಲೆ ಇನ್ನೂ ಹೆಚ್ಚು. ಮರಿಲಿಯನ್ ಬ್ಯಾಂಡಿನ 1994ರ 'ಬ್ರೇವ್', ಬ್ರಿಟನ್ನಿನ ಸೆವರ್ನ್ ಸೇತುವೆಯ ಬಳಿ ಒಬ್ಬಳೇ ಅಲೆಯುತ್ತಾ ಸಿಕ್ಕಿದ, ತಾನು ಯಾರೆಂದು ಹೇಳಲೊಲ್ಲದ ಹುಡುಗಿಯ ಬಗ್ಗೆ ಗಾಯಕ ಸ್ಟೀವ್ ಹೊಗಾರ್ಥ್ ರೇಡಿಯೋದಲ್ಲಿ ಕೇಳಿದ ಒಂದು ಪ್ರಕಟಣೆಯಿಂದ ಹುಟ್ಟಿದ್ದು. ಸ್ಟೀವನ್ ವಿಲ್ಸನ್‌ರ 2015ರ 'ಹ್ಯಾಂಡ್. ಕ್ಯಾನಾಟ್. ಇರೇಸ್.' ಹಿಂದೆ ಇರುವುದು, ಲಂಡನ್ನಿನ ತನ್ನ ಫ್ಲಾಟಿನಲ್ಲಿ ತೀರಿಕೊಂಡು ಎರಡು ವರ್ಷಕ್ಕೂ ಮೇಲ್ಪಟ್ಟು ಯಾರ ಗಮನಕ್ಕೂ ಬಾರದೆ ಹೋದ ಒಬ್ಬ ಯುವತಿಯ ನಿಜ ಘಟನೆ. ಮಹಾನಗರದ ಒಂಟಿತನವನ್ನು ಈ ಆಲ್ಬಂಗಳು ಸರಿಯಾಗಿ ಹಿಡಿದಿವೆಯೇ, ಅಥವಾ ಬೇರೊಬ್ಬರ ನರಕವನ್ನು ಚೆಂದಗಾಣಿಸಿವೆಯೇ ಎಂಬುದು ಗಂಭೀರ ಪ್ರಶ್ನೆ. ಅದಕ್ಕೆ ಉತ್ತರಿಸಲು ಅರ್ಹರು ಯಾರು? ಖಿನ್ನತೆಯಲ್ಲಿ ಫೋನ್ ತೆಗೆಯದೆ ವಾರಗಟ್ಟಲೆ ಕಳೆದವರು, ಊರು ಬಿಟ್ಟು ಬಂದು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಹಬ್ಬದ ದಿನ ಒಬ್ಬರೇ ಊಟ ಮಾಡಿದವರು, ವಿಲ್ಸನ್ ಅವರ ಆಲ್ಬಂನ ಉಲ್ಲಾಸದ ಹಾಡುಗಳೇ ತಮ್ಮನ್ನು ಹೆಚ್ಚು ಕಲಕಿದವು, ಎಲ್ಲರೊಂದಿಗೂ ಬೆರೆಯುವಂತೆ ಕಾಣುವಾಗಲೇ ಮನುಷ್ಯ ಕಣ್ಮರೆಯಾಗತೊಡಗುತ್ತಾನೆ ಎಂದರೆ, ಆ ಮಾತು ವಾದ್ಯಸಂಯೋಜನೆಯ ಬಗ್ಗೆಯೇ ಒಂದು ಹೊಳಹು. ಅದನ್ನು ಓದಿದ ಮೇಲೆ ಆ ಉಲ್ಲಾಸ ನಮಗೂ ಮುಂಚಿನಂತೆ ಕೇಳಿಸುವುದಿಲ್ಲ.

ಈ ಚರ್ಚೆಗೆ ಈಗ ತುರ್ತು ಬಂದಿರುವುದು ಎರಡು ಕಾರಣಗಳಿಂದ. ಮೊದಲನೆಯದು ಅಂಕಿಗಳು. ಸಾವಿರಾರು ಜನರ ನಕ್ಷತ್ರಗಳನ್ನು ಕೂಡಿ ಭಾಗಿಸಿದಾಗ ಬರುವ ಒಂದು ಸರಾಸರಿ, ಆಲ್ಬಂನ ಬೆಲೆಯೆಂದು ಚಲಾವಣೆಯಾಗುತ್ತಿದೆ. ಅರ್ಧ ಜನ ಆರಾಧಿಸಿ ಅರ್ಧ ಜನ ದ್ವೇಷಿಸಿದ ಆಲ್ಬಂಗೂ, ಎಲ್ಲರಿಗೂ ಸಾಧಾರಣವೆನಿಸಿದ ಆಲ್ಬಂಗೂ ಅಲ್ಲಿ ಒಂದೇ ಅಂಕಿ ಬರಬಹುದು. ಪ್ರೋಗ್‌ನಂಥ ಸಂಗೀತದಲ್ಲಿ ಮೊದಲನೆಯ ಬಗೆಯ ಆಲ್ಬಂಗಳೇ ನಾವು ಹೆಚ್ಚು ಕಿವಿಗೊಡಬೇಕಾದವು. ಎರಡನೆಯದು ಯಂತ್ರಲಿಖಿತ ವಿಮರ್ಶೆ. ಯಾವ ಆಲ್ಬಂನ ಹೆಸರು ಕೊಟ್ಟರೂ ಕಲಾವಿದರ ಪಟ್ಟಿ, ವರ್ಷ, ಪ್ರಭಾವಗಳು, ಹಾಡಿನಿಂದ ಹಾಡಿಗೆ ವಿವರಣೆ ಇವುಗಳಿರುವ ಅಚ್ಚುಕಟ್ಟಾದ ಲೇಖನವನ್ನು ಕೃತಕ ಬುದ್ಧಿಮತ್ತೆ ಈಗ ಕ್ಷಣಗಳಲ್ಲಿ ಕೊಡುತ್ತದೆ. ವಸ್ತುನಿಷ್ಠ ವಿಮರ್ಶೆ ಎಂದು ನಾವು ಗೌರವಿಸುತ್ತಿದ್ದುದರಲ್ಲಿ ದೊಡ್ಡ ಭಾಗ ಹೀಗೆ ಕೇಳದೆಯೇ ಬರೆಯಬಹುದಾದದ್ದು ಎಂಬುದು ಇದರಿಂದ ಬಯಲಾಗಿದೆ. ಭಾವವನ್ನೂ ಯಂತ್ರ ಅನುಕರಿಸಬಲ್ಲದು, ಕಣ್ಣೀರಿನ ಸಾಲುಗಳನ್ನೂ ಬರೆಯಬಲ್ಲದು. ಹಾಗಾಗಿ ಭಾವ ಇದೆ ಎಂಬ ಮಾತ್ರಕ್ಕೆ ಬರಹವನ್ನು ನಂಬುವಂತಿಲ್ಲ. ಎಲ್ಲರೂ ಹೊಗಳುವ ಭಾಗದಲ್ಲಿ ತನಗೆ ಏನೂ ಆಗಲಿಲ್ಲ ಎಂದು ಒಪ್ಪಿಕೊಳ್ಳುವ, ಯಾರೂ ಗಮನಿಸದ ಒಂದು ಸಣ್ಣ ಬೇಸ್ ತಿರುವಿನಲ್ಲಿ ತಾನು ನಿಂತುಬಿಟ್ಟೆ ಎಂದು ಹೇಳುವ ಓರೆಕೋರೆಗಳಲ್ಲೇ ಒಬ್ಬ ಮನುಷ್ಯ ಕೂತು ಕೇಳಿದ ಗುರುತು ಸಿಗುತ್ತದೆ.

ನಿರಾಶೆಯ ವಿಮರ್ಶೆಗೂ ಇದೇ ಬೆಲೆಯಿದೆ. ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲೂ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ 1977ರಲ್ಲೂ ಬಿಟ್ಟುಹೋದ ಮೇಲೆ ಜೆನೆಸಿಸ್ ಚಿಕ್ಕ, ಜನಪ್ರಿಯ ಹಾಡುಗಳ ಕಡೆ ವಾಲಿದಾಗ, ಹಳೆಯ ಕೇಳುಗರು ಬರೆದದ್ದು ಬಹುಪಾಲು ದೂರು. ಆ ದೂರುಗಳಲ್ಲಿ ದ್ರೋಹದ ಭಾವ ಅತಿಯಾಗಿದ್ದದ್ದೂ ಉಂಟು. ಆದರೂ ಅವರು ಏನನ್ನು ಕಳೆದುಕೊಂಡೆವೆಂದು ಹೇಳಿದರೋ ಅದರಿಂದಲೇ ಹಳೆಯ ಆಲ್ಬಂಗಳು ಏನನ್ನು ಕೊಟ್ಟಿದ್ದವು ಎಂಬುದು ಬಿಡಿಸಿ ತಿಳಿಯುತ್ತದೆ.

ಕನ್ನಡದಲ್ಲಿ ಈ ಆಲ್ಬಂಗಳ ಬಗ್ಗೆ ಬರೆಯುವವರಿಗೆ ಇಲ್ಲೊಂದು ವಿಶೇಷ ಅವಕಾಶ ಕಾಣುತ್ತದೆ. ಯೆಸ್ ಬ್ಯಾಂಡಿನ 1973ರ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್' ಎಂಬತ್ತು ನಿಮಿಷಕ್ಕೂ ಹೆಚ್ಚಿನ, ನಾಲ್ಕೇ ರಚನೆಗಳ ಜೋಡಿ ಆಲ್ಬಂ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶಾಸ್ತ್ರಗಳ ನಾಲ್ಕು ವಿಭಾಗಗಳ ಬಗ್ಗೆ ಓದಿದ ಗಾಯಕ ಜಾನ್ ಆಂಡರ್ಸನ್, ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ಕ್ರಮದಲ್ಲಿ ನಾಲ್ಕು ಬದಿಗಳನ್ನು ರೂಪಿಸಿದರು. ಪತ್ರಿಕೆಗಳು ಇದನ್ನು ಅತಿಯಾದ ಮಹತ್ವಾಕಾಂಕ್ಷೆಯ ಸಂಕೇತವನ್ನಾಗಿ ಮಾಡಿದವು, ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅತೃಪ್ತಿಯಿಂದ ಮರುವರ್ಷ ಬ್ಯಾಂಡ್ ಬಿಟ್ಟರು. ಪಾಶ್ಚಾತ್ಯ ವಿಮರ್ಶೆಗಳಲ್ಲಿ ಆ ನಾಲ್ಕು ಹೆಸರುಗಳು ದೂರದ ಗೂಢ ವಿಷಯಗಳಂತೆ ಬಂದುಹೋಗುತ್ತವೆ. ಅಜ್ಜನ ಬಾಯಲ್ಲಿ ಪುರಾಣ ಕೇಳಿದವರು, ಸ್ಮೃತಿಯ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಮನೆತನದ ನೆನಪಿನಲ್ಲಿ ಹೊತ್ತವರು, ಈ ಆಲ್ಬಂ ಕೇಳಿ ಬರೆದರೆ ಅದು ಬೇರೆಯೇ ವಿಮರ್ಶೆಯಾಗುತ್ತದೆ. ಆ ಇಬ್ಬರ ಬರಹಗಳೂ ಒಂದಕ್ಕೊಂದು ಎದುರಾಗಿಯೇ ನಿಲ್ಲಬಹುದು. ನನಗೆ ಕಂಡ ಮಟ್ಟಿಗೆ ಶಾಸ್ತ್ರವಿಭಾಗಕ್ಕೂ ಸಂಗೀತಕ್ಕೂ ಇರುವ ನಂಟು ಸಡಿಲವೇ, ಆದರೆ ಎರಡನೆಯ ಬದಿಯಲ್ಲಿ ಬಂದ ರಾಗವೇ ಮರಳಿ ಮರಳಿ ತೇಲಿಬರುವ ಬಗೆಯಲ್ಲಿ ನೆನಪಿನ ನಡಿಗೆ ನಿಜವಾಗಿಯೂ ಇದೆ, ಮೂರನೆಯ ಬದಿಯ ಒರಟು ತಾಳವಾದ್ಯಗಳಲ್ಲಿ ಪುರಾಣ ನನಗೆ ಸಿಗಲಿಲ್ಲ.

ದೀರ್ಘತೆಯ ಬಗೆಗಿನ ದೂರನ್ನೂ ಇಲ್ಲಿಂದ ಬೇರೆಯಾಗಿ ನೋಡಬಹುದು. ರಾತ್ರಿಯಿಡೀ ನಡೆಯುವ ಯಕ್ಷಗಾನ ಪ್ರಸಂಗದಲ್ಲಿ ಭಾಗವತರು ನಿಧಾನಗತಿಯಿಂದ ಹೊತ್ತೇರಿದಂತೆ ಕಾವೇರಿಸುವುದನ್ನು ಕಂಡವರಿಗೆ ಇಪ್ಪತ್ತು ನಿಮಿ‍ಷದ ರಚನೆ ಅಹಂಕಾರದ ಪ್ರದರ್ಶನವೆಂದು ತೋರುವುದಿಲ್ಲ. ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೋಗ್ ರಾಕ್‌ನ ಕಟ್ಟಡದೊಳಗೆ ಕೂರಿಸುವ ಬೆಂಗಳೂರಿನ ಅಗಮ್ ಬ್ಯಾಂಡ್‌ಗೆ ಸಿಕ್ಕ ಕೇಳುಗರು, ಇಂಥ ಕಿವಿಗಳು ಇಲ್ಲಿ ಧಾರಾಳವಾಗಿವೆ ಎಂಬುದಕ್ಕೆ ಸಾಕ್ಷಿ.

'ಕ್ಲೋಸ್ ಟು ದ ಎಡ್ಜ್' ರಚನೆಯ ಮೂರನೆಯ ಭಾಗದಲ್ಲಿ, ಎಲ್ಲ ಅಬ್ಬರ ಅಡಗಿ ದನಿಗಳು ಒಂದರ ಮೇಲೊಂದು ತೇಲುತ್ತಿರುವಾಗ, ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ಮುದ್ರಿಸಿಕೊಂಡ ಪೈಪ್ ಆರ್ಗನ್ ಒಮ್ಮೆಲೇ ಮೊಳಗುತ್ತದೆ. ಈ ರಚನೆಗೆ ಪ್ರೇರಣೆ ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ, ಅಂದರೆ ನದಿಯ ದಡದಲ್ಲಿ ಅರಿವು ಪಡೆಯುವವನ ಕಥೆ. ದನಿ ಮಾತ್ರ ಕ್ರೈಸ್ತ ದೇವಾಲಯದ್ದು. ಮಂಗಳೂರಿನ ಯಾವುದಾದರೂ ಇಗರ್ಜಿಯ ಗಾಯನವೃಂದದಲ್ಲಿ ಬಾಲ್ಯ ಕಳೆದವರಿಗೆ ಆ ಆರ್ಗನ್ ಭಾನುವಾರದ ಬೆಳಗಾಗಿ, ತೀರಿಹೋದವರ ಪೂಜೆಯಾಗಿ ಕೇಳಿಸಬಹುದು. ಇಗರ್ಜಿಯೊಳಗೆ ಎಂದೂ ಕಾಲಿಡದೆ, ಆರ್ಗನ್ನನ್ನು ಮೊದಲು ಕೇಳಿದ್ದೇ ಈ ಆಲ್ಬಂನಲ್ಲಿ ಎನ್ನುವವರಿಗೆ ಅದು ಯಾವ ಧರ್ಮದ್ದೂ ಅಲ್ಲದ ಬರಿಯ ಎತ್ತರವಾಗಿ ಕೇಳಿಸಬಹುದು. ಇಬ್ಬರೂ ಆ ನಿಮಿಷಕ್ಕೆ ಬೆರಳಿಟ್ಟು ತಮಗಾದದ್ದನ್ನು ಬರೆಯಲಿ. ಸಿದ್ಧಾರ್ಥನ ನದಿ ಮತ್ತು ಲಂಡನ್ನಿನ ಆರ್ಗನ್ ಆ ಜಾಗದಲ್ಲಿ ಕೂಡಿದವೋ ಡಿಕ್ಕಿ ಹೊಡೆದವೋ ಎಂಬುದನ್ನು ಆಮೇಲೆ ಚರ್ಚಿಸಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.